ಜಾನ್ ಕೋಲ್ಟ್ರೇನ್: ಕೇಳುಗರನ್ನು ಎರಡು ಪಾಲು ಮಾಡಿದ ಸ್ಯಾಕ್ಸೊಫೋನ್

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯವರಿಗೆ ಸ್ಯಾಕ್ಸೊಫೋನ್ ಪರದೇಶದ ವಾದ್ಯ ಅನ್ನಿಸುವುದೇ ಇಲ್ಲ. ಮದುವೆಯ ಚಪ್ಪರದಲ್ಲಿ, ದೇವಸ್ಥಾನದ ಉತ್ಸವದಲ್ಲಿ ಅದನ್ನು ಕೇಳುತ್ತಲೇ ಬೆಳೆದವರು ನಾವು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ ಅದಕ್ಕೆ ಕರ್ನಾಟಕ ಸಂಗೀತದ ಗಮಕ ಒಗ್ಗಿಸಿದ ಕದ್ರಿ ಗೋಪಾಲನಾಥರೇ ಇದಕ್ಕೆ ಕಾರಣ. ಅದೇ ವಾದ್ಯ ಅಮೆರಿಕದ ಜಾಝ್ ಸಂಗೀತದಲ್ಲಿ ಇನ್ನೊಂದು ದಾರಿ ಹಿಡಿಯಿತು. ಆ ದಾರಿಯಲ್ಲಿ ಅತಿ ದೂರ ನಡೆದವರು ಜಾನ್ ಕೋಲ್ಟ್ರೇನ್. 1926ರಲ್ಲಿ ಹುಟ್ಟಿದ ಅವರಿಗೆ 2026 ಜನ್ಮಶತಮಾನದ ವರ್ಷ. ಬದುಕಿದ್ದು ನಲವತ್ತೇ ವರ್ಷ. ಸ್ವಂತ ತಂಡ ಕಟ್ಟಿಕೊಂಡು ನುಡಿಸಿದ್ದು ಏಳು ವರ್ಷ. ಆ ಏಳು ವರ್ಷಗಳಲ್ಲಿ ಅವರ ವಾದನ ಕೇಳಿ ದೇವರನ್ನು ಕಂಡಂತಾಯಿತು ಅಂದವರೂ ಇದ್ದರು, ಕಿವಿ ಮುಚ್ಚಿಕೊಂಡು ಎದ್ದು ಹೋದವರೂ ಇದ್ದರು. ಎರಡೂ ಕಡೆಯವರಲ್ಲಿ ಸಂಗೀತ ಬಲ್ಲವರೇ ಇದ್ದರು ಎಂಬುದು ಈ ಕಥೆಯಲ್ಲಿ ನೆನಪಿಡಬೇಕಾದ ಮಾತು.

ಬಾಲ್ಯ

ಸೆಪ್ಟೆಂಬರ್ 23ರಂದು ನಾರ್ತ್ ಕ್ಯಾರೊಲೈನಾ ರಾಜ್ಯದ ಹ್ಯಾಮ್ಲೆಟ್ ಎಂಬ ಸಣ್ಣ ಊರಿನಲ್ಲಿ ಕೋಲ್ಟ್ರೇನ್ ಹುಟ್ಟಿದರು. ಬೆಳೆದದ್ದು ಅದೇ ರಾಜ್ಯದ ಹೈ ಪಾಯಿಂಟ್ ಪಟ್ಟಣದಲ್ಲಿ. ತಂದೆ ದರ್ಜಿ, ಬಿಡುವಿನಲ್ಲಿ ಪಿಟೀಲು ಬಾರಿಸುತ್ತಿದ್ದರು. ತಾಯಿಯ ತಂದೆ ಕಪ್ಪು ಜನರ ಚರ್ಚ್ ಒಂದರಲ್ಲಿ ಪಾದ್ರಿ. ಮನೆಯಲ್ಲಿ ದೇವರೂ ಸಂಗೀತವೂ ಒಟ್ಟಿಗೇ ಇದ್ದವು ಎನ್ನಬೇಕು.

ಹನ್ನೆರಡನೆಯ ವಯಸ್ಸಿನಲ್ಲಿ ಸಿಡಿಲು ಬಡಿದಂತಾಯಿತು. ಕೆಲವೇ ತಿಂಗಳ ಅಂತರದಲ್ಲಿ ತಂದೆ, ಅಜ್ಜ, ಅಜ್ಜಿ, ಚಿಕ್ಕಮ್ಮ ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಹೊಟ್ಟೆಪಾಡಿಗಾಗಿ ತಾಯಿ ಊರು ಬಿಟ್ಟು ದುಡಿಯಲು ಹೋಗಬೇಕಾಯಿತು. ಹುಡುಗ ವಾದ್ಯ ಕೈಗೆತ್ತಿಕೊಂಡದ್ದು ಈ ದಿನಗಳ ಆಸುಪಾಸಿನಲ್ಲೇ. ಮೊದಲು ಊರಿನ ಬ್ಯಾಂಡು, ಕ್ಲಾರಿನೆಟ್. ಆಮೇಲೆ ಶಾಲೆಯಲ್ಲಿ ಆಲ್ಟೊ ಸ್ಯಾಕ್ಸೊಫೋನ್. ಒಮ್ಮೆ ಹಿಡಿದ ಮೇಲೆ ಕೆಳಗಿಟ್ಟದ್ದಿಲ್ಲ. ಅವರ ಸಾಧನೆಯ ಬಗ್ಗೆ ಗೆಳೆಯರು ಹೇಳುವ ಕಥೆಗಳೆಲ್ಲ ಒಂದೇ ಬಗೆಯವು: ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ, ಕಛೇರಿಯ ಬಿಡುವಿನಲ್ಲೂ ಹಿಂದಿನ ಕೋಣೆಯಲ್ಲಿ ಅಭ್ಯಾಸ, ವಾದ್ಯವನ್ನು ಹಿಡಿದುಕೊಂಡೇ ನಿದ್ದೆ.

1943ರಲ್ಲಿ ಶಾಲೆ ಮುಗಿಸಿ ಫಿಲಡೆಲ್ಫಿಯಾಕ್ಕೆ ಬಂದರು. 1945ರ ಜೂನ್‌ನಲ್ಲಿ ಅಲ್ಲಿ ಚಾರ್ಲಿ ಪಾರ್ಕರ್ ಅವರ ಆಲ್ಟೊ ಸ್ಯಾಕ್ಸೊಫೋನ್ ಕೇಳಿದ ಮೇಲೆ ತಾನು ಏನಾಗಬೇಕೆಂಬುದು ಖಚಿತವಾಯಿತು. ನೌಕಾಪಡೆಯಲ್ಲಿ ಒಂದು ವರ್ಷ ಹವಾಯಿಯಲ್ಲಿದ್ದು, ಮರಳಿ ಬಂದು ಗ್ರಾನಾಫ್ ಸಂಗೀತ ಶಾಲೆಯಲ್ಲಿ ಕಲಿತರು. ಡಿಜ್ಜಿ ಗಿಲೆಸ್ಪಿ, ಜಾನಿ ಹಾಜಸ್ ಮೊದಲಾದ ದೊಡ್ಡವರ ತಂಡಗಳಲ್ಲಿ ಕೆಲಸ ಮಾಡುತ್ತ ಟೆನರ್ ಸ್ಯಾಕ್ಸೊಫೋನ್‌ಗೆ ಬದಲಾದರು. ಅದೇ ಕಾಲದಲ್ಲಿ ಹೆರಾಯಿನ್ ಚಟವೂ ಅಂಟಿಕೊಂಡಿತು.

ಬೀಳು, ಏಳು

1955ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರನ್ನು ತಮ್ಮ ತಂಡಕ್ಕೆ ಕರೆದರು. ಮೈಲ್ಸ್ ನಾಲ್ಕು ಸ್ವರ ನುಡಿಸಿ ಎರಡು ಬಿಡುವವರು. ಪಕ್ಕದಲ್ಲಿ ನಿಂತ ಕೋಲ್ಟ್ರೇನ್ ಒಂದೇ ಉಸಿರಿಗೆ ನಲವತ್ತು ಸ್ವರ ಹರಿಸುವವರು. ಈ ಜೋಡಿಯೇ ಮೊದಲ ವಿವಾದ. ಅವರ ಧ್ವನಿ ಒರಟು, ಹುಡುಕಾಟವೇ ಹೆಚ್ಚು, ಸಿಕ್ಕಿದ್ದು ಕಡಿಮೆ ಎಂದು ಗೊಣಗಿದವರು ಕೆಲವರು. ಇವನಲ್ಲಿ ಏನೋ ಇದೆ ಎಂದು ಕಿವಿ ನಿಮಿರಿಸಿದವರು ಕೆಲವರು.

1957ರಲ್ಲಿ ಚಟದ ದೆಸೆಯಿಂದ ಮೈಲ್ಸ್ ಅವರನ್ನು ತಂಡದಿಂದ ತೆಗೆದುಹಾಕಿದರು. ಅಲ್ಲಿಂದ ಹಲವರು ಮೇಲೆದ್ದಿಲ್ಲ, ಕೋಲ್ಟ್ರೇನ್ ಎದ್ದರು. ಫಿಲಡೆಲ್ಫಿಯಾದ ಮನೆಗೆ ಮರಳಿ ಹೆರಾಯಿನನ್ನೂ ಕುಡಿತವನ್ನೂ ಬಿಟ್ಟರು. ಆ ದಿನಗಳಲ್ಲಿ ತನಗೆ ದೇವರ ಕೃಪೆಯ ಅನುಭವವಾಯಿತೆಂದೂ, ಸಂಗೀತದಿಂದ ಇತರರಿಗೆ ಸಂತೋಷ ಕೊಡುವ ಶಕ್ತಿಯನ್ನು ಬೇಡಿಕೊಂಡೆನೆಂದೂ ಅವರು ಮುಂದೆ ಬರೆದುಕೊಂಡರು. ಅವರ ಉಳಿದ ಹತ್ತು ವರ್ಷಗಳನ್ನು ಓದುವಾಗ ಈ ಬೇಡಿಕೆಯನ್ನು ಮರೆಯುವಂತಿಲ್ಲ. ಸಂತೋಷ ಕೊಡಬೇಕೆಂದು ಹೊರಟವರ ವಾದನವೇ ಅಷ್ಟೊಂದು ಜನರಿಗೆ ಸಂಕಟವಾಯಿತು.

ಅದೇ ವರ್ಷ ನ್ಯೂಯಾರ್ಕಿನ ಫೈವ್ ಸ್ಪಾಟ್ ಕೆಫೆಯಲ್ಲಿ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಜೊತೆ ತಿಂಗಳುಗಟ್ಟಲೆ ನುಡಿಸಿದರು. ಅದು ಅವರಿಗೆ ಗುರುಕುಲವಾಯಿತು. 1958ರಲ್ಲಿ ಮೈಲ್ಸ್ ಮತ್ತೆ ಕರೆದರು. ಆ ವರ್ಷ ಇರಾ ಗಿಟ್ಲರ್ ಎಂಬ ವಿಮರ್ಶಕರು ಕೋಲ್ಟ್ರೇನ್ ಸ್ವರಪ್ರವಾಹಕ್ಕೆ ನಾದದ ಹಾಳೆಗಳು ಎಂಬ ಅರ್ಥದ ಹೆಸರಿಟ್ಟರು. ಬಿಡಿ ಬಿಡಿ ಸ್ವರವಾಗಿ ಕೇಳದೆ, ಬಟ್ಟೆ ಬಿಚ್ಚಿ ಹರಡಿದ ಹಾಗೆ ಒಟ್ಟಾಗಿ ಬರುವ ನಾದ ಅದು. ಮೆಚ್ಚಿ ಇಟ್ಟ ಆ ಹೆಸರು ಇವತ್ತಿಗೂ ಉಳಿದಿದೆ. ಗಿಟ್ಲರ್ ಹೆಸರು ಮುಂದೆ ಮತ್ತೆ ಬರುತ್ತದೆ.

ಜಗಳ ಯಾವುದರ ಬಗ್ಗೆ?

ನಮ್ಮ ಸಂಗೀತದಲ್ಲಿ ಮನೋಧರ್ಮ ಎನ್ನುವುದೇ ಜಾಝ್‌ನ ಜೀವಾಳ. ನಮ್ಮಲ್ಲಿ ಕೃತಿ ಹಾಡಿ ಕಲ್ಪನಾಸ್ವರ ಹಾಕುವಂತೆ, ಅಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಮೊದಲು ನುಡಿಸಿ, ಬಳಿಕ ಒಬ್ಬೊಬ್ಬರಾಗಿ ಅದರ ಮೇಲೆ ಹೊಸದನ್ನು ಕಟ್ಟುತ್ತಾರೆ. ವ್ಯತ್ಯಾಸವೊಂದಿದೆ. ನಮ್ಮಲ್ಲಿ ರಾಗ ಬದಲಾಗುವುದಿಲ್ಲ, ಶ್ರುತಿ ಕದಲುವುದಿಲ್ಲ. ಜಾಝ್‌ನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲುಗಳು, ಕೆಳಗೆ ಬದಲಾಗುತ್ತಲೇ ಇರುತ್ತವೆ. ವಾದಕ ಆ ಬದಲಾವಣೆಗೆ ತಕ್ಕಂತೆ ದಾರಿ ಕಂಡುಕೊಳ್ಳಬೇಕು.

1959ರಲ್ಲಿ ಕೋಲ್ಟ್ರೇನ್ ಈ ವಿದ್ಯೆಯ ಎರಡು ತುದಿಗಳನ್ನೂ ಮುಟ್ಟಿದರು. ಮೇ ತಿಂಗಳಲ್ಲಿ ಮುದ್ರಿಸಿದ 'ಜೈಂಟ್ ಸ್ಟೆಪ್ಸ್'ನಲ್ಲಿ ಆಧಾರಸ್ವರ ಮೂರು ನೆಲೆಗಳ ನಡುವೆ ಓಡುತ್ತಿರುತ್ತದೆ, ಕಾರ್ಡ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತವೆ. ಆ ಮುದ್ರಣದಲ್ಲಿ ಪಿಯಾನೊ ನುಡಿಸಿದ ಟಾಮಿ ಫ್ಲಾನಗನ್ ಬಹಳ ನುರಿತವರು; ಅವರೂ ತಮ್ಮ ಸರದಿ ಬಂದಾಗ ತಡವರಿಸಿದ್ದು ಕೇಳುತ್ತದೆ. ಅದೇ ವರ್ಷ ಮೈಲ್ಸ್ ಅವರ 'ಕೈಂಡ್ ಆಫ್ ಬ್ಲೂ'ನಲ್ಲಿ ದಾರಿ ತದ್ವಿರುದ್ಧ: ಕಾರ್ಡ್‌ಗಳನ್ನು ಕಡಿಮೆ ಮಾಡಿ, ಒಂದೇ ಸ್ವರಶ್ರೇಣಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು. ಇದು ನಮ್ಮ ಕಿವಿಗೆ ಹತ್ತಿರದ್ದು.

ಎರಡನೆಯ ದಾರಿಯಲ್ಲಿ ಒಂದು ತೊಡಕಿದೆ. ಹಾಡಿನ ಚೌಕಟ್ಟು ಸಡಿಲವಾದಾಗ ಮನೋಧರ್ಮ ಎಷ್ಟು ಹೊತ್ತು ನಡೆಯಬೇಕು ಎಂಬುದಕ್ಕೆ ಗಡಿಯಿಲ್ಲ. ಮೂರು ನಿಮಿಷವೂ ಆಗಬಹುದು, ಮೂವತ್ತು ನಿಮಿಷವೂ ಆಗಬಹುದು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿಲ್ಲ ಎಂದು ಕೋಲ್ಟ್ರೇನ್ ಒಮ್ಮೆ ಅಳಲು ತೋಡಿಕೊಂಡಾಗ, ವಾದ್ಯವನ್ನು ಬಾಯಿಂದ ತೆಗೆದರೆ ಸಾಕು ಎಂದು ಮೈಲ್ಸ್ ಉತ್ತರಿಸಿದರಂತೆ. ಜಾಝ್ ಲೋಕದಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ ಇದು.

1960ರ ಮಾರ್ಚ್ 21ರಂದು ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣದಲ್ಲಿ ಮೈಲ್ಸ್ ತಂಡದ ಕಛೇರಿ. ಅದರ ಧ್ವನಿಮುದ್ರಣ ಉಳಿದಿದೆ. ಕೋಲ್ಟ್ರೇನ್ ಒಂದು ಸ್ವರಗುಚ್ಛವನ್ನು ಹಿಡಿದು ಮತ್ತೆ ಮತ್ತೆ ತಿರುಚುವಾಗ ಸಭೆಯ ಒಂದು ಭಾಗ ಶಿಳ್ಳೆ ಹಾಕಿ ಕೂಗುತ್ತದೆ, ಇನ್ನೊಂದು ಭಾಗ ಚಪ್ಪಾಳೆ ತಟ್ಟುತ್ತದೆ. ಅವರು ನಿಲ್ಲಿಸುವುದಿಲ್ಲ. ಮರುದಿನ ಸ್ಟಾಕ್‌ಹೋಮಿನಲ್ಲಿ ಸಂದರ್ಶಕರೊಬ್ಬರು, ನಿಮ್ಮ ವಾದನದಲ್ಲಿ ಸಿಟ್ಟು ಕಾಣುತ್ತದೆ ಎಂದು ಜನ ಹೇಳುತ್ತಾರಲ್ಲ ಎಂದು ಕೇಳಿದರು. ಕೋಲ್ಟ್ರೇನ್ ಮೆಲುದನಿಯಲ್ಲಿ, ತನಗೆ ಸಿಟ್ಟಿಲ್ಲ, ಒಟ್ಟಿಗೆ ಹಲವನ್ನು ಪ್ರಯತ್ನಿಸುತ್ತಿದ್ದೇನೆ, ಅವನ್ನಿನ್ನೂ ವಿಂಗಡಿಸಿಕೊಂಡಿಲ್ಲ ಎಂಬರ್ಥದಲ್ಲಿ ವಿವರಿಸಿದರು. ಕೂಗಿದವರ ಮೇಲೆ ದೂರು ಹೇಳಲಿಲ್ಲ.

ಮೆಚ್ಚಿದವರೇ ಮುನಿದಾಗ

1960ರಲ್ಲಿ ಸ್ವಂತ ತಂಡ ಕಟ್ಟಿದರು. ಮುಂದಿನ ಒಂದೆರಡು ವರ್ಷಗಳಲ್ಲಿ ಪಿಯಾನೊಗೆ ಮೆಕಾಯ್ ಟೈನರ್, ಡ್ರಮ್ಸ್‌ಗೆ ಎಲ್ವಿನ್ ಜೋನ್ಸ್, ಬಾಸ್‌ಗೆ ಜಿಮ್ಮಿ ಗ್ಯಾರಿಸನ್ ನೆಲೆಯಾದರು. ಮೊದಲ ದೊಡ್ಡ ಯಶಸ್ಸು 'ಮೈ ಫೇವರಿಟ್ ಥಿಂಗ್ಸ್'. 'ದ ಸೌಂಡ್ ಆಫ್ ಮ್ಯೂಸಿಕ್' ನಾಟಕದ ಮಕ್ಕಳ ಹಾಡಿನಂಥ ಒಂದು ಹಾಡನ್ನು ಅವರು ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ಎತ್ತಿಕೊಂಡು ಹದಿಮೂರು ನಿಮಿಷಕ್ಕೂ ಮಿಗಿಲಾಗಿ ಬೆಳೆಸಿದರು. ಶಹನಾಯಿಯನ್ನು ನೆನಪಿಸುವ ಧ್ವನಿ. ಜಾಝ್ ಕೇಳದವರೂ ಆ ರೆಕಾರ್ಡ್ ಕೊಂಡರು.

ಜನಪ್ರಿಯತೆ ಬಂದ ವರ್ಷವೇ ವಿರೋಧವೂ ಗಟ್ಟಿಯಾಯಿತು. 1961ರ ನವೆಂಬರ್‌ನಲ್ಲಿ 'ಡೌನ್‌ಬೀಟ್' ಪತ್ರಿಕೆಯಲ್ಲಿ ಜಾನ್ ಟೈನನ್ ಎಂಬ ವಿಮರ್ಶಕರು ಕೋಲ್ಟ್ರೇನ್ ಮತ್ತು ಅವರ ಜೊತೆಗಾರ ಎರಿಕ್ ಡಾಲ್ಫಿ ನುಡಿಸುತ್ತಿರುವುದು ಜಾಝ್‌ಗೆ ವಿರುದ್ಧವಾದ ಸಂಗೀತ ಎಂದು ಹಣೆಪಟ್ಟಿ ಹಚ್ಚಿದರು. ಅದೇ ತಿಂಗಳು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಅವರ ಕಛೇರಿಗಳ ಮುದ್ರಣ ನಡೆಯಿತು. ಅಲ್ಲಿ ನುಡಿಸಿದ 'ಇಂಡಿಯಾ' ಎಂಬ ರಚನೆಯಲ್ಲಿ ಎರಡು ಬಾಸ್‌ಗಳು ಸೇರಿ ತಂಬೂರಿಯಂತೆ ಶ್ರುತಿ ಹಿಡಿಯುತ್ತವೆ. 'ಚೇಸಿನ್ ದ ಟ್ರೇನ್' ಎಂಬ ಇನ್ನೊಂದರಲ್ಲಿ ಪಿಯಾನೊ ಸುಮ್ಮನಿರುತ್ತದೆ. ಬಾಸ್, ಡ್ರಮ್ಸ್ ಜೊತೆಗೆ ಟೆನರ್ ಸ್ಯಾಕ್ಸೊಫೋನ್ ಹದಿನೈದು ನಿಮಿಷ ದಾಟಿ, ಕಿರುಚು, ನರಳು, ಗೊಗ್ಗರು ಎಲ್ಲವನ್ನೂ ಬಳಸಿ ಒಂದೇ ಸಮನೆ ಓಡುತ್ತದೆ.

ಆ ರೆಕಾರ್ಡ್ ಹೊರಬಂದಾಗ 'ಡೌನ್‌ಬೀಟ್' ಅಪರೂಪದ ಕೆಲಸ ಮಾಡಿತು. 1962ರ ಏಪ್ರಿಲ್‌ನಲ್ಲಿ ಒಂದೇ ರೆಕಾರ್ಡಿಗೆ ಇಬ್ಬರ ವಿಮರ್ಶೆಗಳನ್ನು ಜೊತೆಗೇ ಅಚ್ಚು ಹಾಕಿತು. ಪೀಟ್ ವೆಲ್ಡಿಂಗ್ ಅವರ ವಿಮರ್ಶೆ ಅದರ ಬಲವನ್ನು ಒಪ್ಪುವ ಕಡೆಗಿತ್ತು. ಎರಡನೆಯವರು ಇರಾ ಗಿಟ್ಲರ್, ನಾಲ್ಕು ವರ್ಷದ ಹಿಂದೆ ಕೋಲ್ಟ್ರೇನ್ ನಾದಕ್ಕೆ ಪ್ರೀತಿಯಿಂದ ಹೆಸರಿಟ್ಟವರು. ಅವರಿಗೆ ಇದು ಹಿಡಿಸಲಿಲ್ಲ. ವಿರೋಧಿಸಿದವರೆಲ್ಲ ಏನೂ ತಿಳಿಯದವರು ಎಂದು ಈಗ ಹೇಳುವುದು ಸುಲಭ. ಗಿಟ್ಲರ್ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಕೋಲ್ಟ್ರೇನ್ ಅವರನ್ನು ಬೇಗ ಗುರುತಿಸಿದ ಕಿವಿಗಳಲ್ಲಿ ಅದೂ ಒಂದು.

ಇದೇ ತಿಂಗಳು ಅದೇ ಪತ್ರಿಕೆ ಕೋಲ್ಟ್ರೇನ್ ಮತ್ತು ಡಾಲ್ಫಿ ಅವರ ಉತ್ತರವನ್ನೂ ಪ್ರಕಟಿಸಿತ್ತು. ಅದರಲ್ಲಿ ಕೋಲ್ಟ್ರೇನ್ ಯಾರನ್ನೂ ಹೀಗಳೆಯಲಿಲ್ಲ. ಬರೆಯುವವರು ತಾವು ಬರೆಯುವುದನ್ನು ಚೆನ್ನಾಗಿ ಅರಿತು ಬರೆಯಲಿ ಎಂಬಷ್ಟು ಮಾತ್ರ ಕೇಳಿಕೊಂಡರು. ಮುಂದಿನ ಒಂದೆರಡು ವರ್ಷಗಳಲ್ಲಿ ಬಂದ ರೆಕಾರ್ಡ್‌ಗಳೂ ಒಂದು ಬಗೆಯ ಉತ್ತರವೇ: 'ಬ್ಯಾಲಡ್ಸ್', ಡ್ಯೂಕ್ ಎಲಿಂಗ್ಟನ್ ಜೊತೆಗಿನ ರೆಕಾರ್ಡ್, ಗಾಯಕ ಜಾನಿ ಹಾರ್ಟ್‌ಮನ್ ಜೊತೆಗಿನ ರೆಕಾರ್ಡ್. ಮೂರರಲ್ಲೂ ಹಾಡಿನ ಗೆರೆ ದಾಟದ, ಮೆತ್ತನೆಯ, ಶುದ್ಧವಾದ ವಾದನ. ಹಾಡು ನುಡಿಸಲು ಬಾರದೆ ಕಿರುಚುತ್ತಾನೆ ಎಂಬ ಆಕ್ಷೇಪಕ್ಕೆ ಅಲ್ಲಿಗೆ ತೆರೆ ಬಿತ್ತು. ಬೇಕೆಂದೇ ಕಿರುಚುತ್ತಾನೆ, ಯಾಕೆ ಎಂಬ ಪ್ರಶ್ನೆ ಮಾತ್ರ ಉಳಿಯಿತು.

1963ರ ಸೆಪ್ಟೆಂಬರ್ 15ರಂದು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ಬಿಳಿಯ ಜನಾಂಗದ್ವೇಷಿಗಳು ಬಾಂಬ್ ಇಟ್ಟು ನಾಲ್ವರು ಕಪ್ಪು ಹೆಣ್ಣುಮಕ್ಕಳನ್ನು ಕೊಂದರು. ಎರಡು ತಿಂಗಳಲ್ಲಿ ಕೋಲ್ಟ್ರೇನ್ 'ಅಲಬಾಮಾ' ಮುದ್ರಿಸಿದರು. ಐದು ನಿಮಿಷದ ಒಂದು ಶೋಕಗೀತೆ. ಅದರಲ್ಲಿ ಅಬ್ಬರವೇ ಇಲ್ಲ. ಕವಿ ಲೆರಾಯ್ ಜೋನ್ಸ್‌ರಂಥವರು ಕೋಲ್ಟ್ರೇನ್ ವಾದನದಲ್ಲಿ ತಮ್ಮ ಜನರ ಕೂಗನ್ನೇ ಕೇಳಿದರು. ಕೋಲ್ಟ್ರೇನ್ ಮಾತ್ರ ತನ್ನ ಸಂಗೀತಕ್ಕೆ ಯಾವ ಬಾವುಟವನ್ನೂ ಕಟ್ಟಿಕೊಳ್ಳಲಿಲ್ಲ, ಅಲ್ಲಗಳೆಯಲೂ ಇಲ್ಲ.

ಶಿಖರ, ಆಮೇಲೆ

1964ರ ಡಿಸೆಂಬರ್ 9ರಂದು ಒಂದೇ ದಿನದಲ್ಲಿ ನಾಲ್ವರೂ ಸೇರಿ 'ಎ ಲವ್ ಸುಪ್ರೀಮ್' ಮುದ್ರಿಸಿದರು. ನಾಲ್ಕು ಭಾಗಗಳ, ಅರ್ಧ ಗಂಟೆಯ ಪ್ರಾರ್ಥನೆ ಅದು. ಕೊನೆಯ ಭಾಗದಲ್ಲಿ, ತಾವೇ ಬರೆದ ದೇವರ ಸ್ತುತಿಯೊಂದನ್ನು ಮಾತಿಲ್ಲದೆ, ಪದಕ್ಕೆ ಪದ ಹೊಂದುವಂತೆ ವಾದ್ಯದಲ್ಲಿ ಓದುತ್ತಾರೆ. 1965ರಲ್ಲಿ 'ಡೌನ್‌ಬೀಟ್' ಓದುಗರು ಅದನ್ನು ವರ್ಷದ ರೆಕಾರ್ಡ್ ಎಂದೂ, ಕೋಲ್ಟ್ರೇನ್ ಅವರನ್ನು ವರ್ಷದ ಜಾಝ್ ಕಲಾವಿದ ಎಂದೂ ಆರಿಸಿದರು. ನಾಲ್ಕು ವರ್ಷದ ಹಿಂದೆ ಜಾಝ್‌ಗೆ ವಿರುದ್ಧ ಎಂಬ ಹಣೆಪಟ್ಟಿ ಹಚ್ಚಿದ್ದೂ ಅದೇ ಪತ್ರಿಕೆಯ ಪುಟಗಳಲ್ಲಿ.

ಬೇರೆ ಯಾರಾದರೂ ಅಲ್ಲಿ ನಿಲ್ಲುತ್ತಿದ್ದರು. ಎಲ್ಲರೂ ಒಪ್ಪಿದ್ದಾರೆ, ಅದೇ ನಾಲ್ವರ ತಂಡ, ಅದೇ ಬಗೆಯ ಇನ್ನು ಹತ್ತು ರೆಕಾರ್ಡ್. ಕೋಲ್ಟ್ರೇನ್ ಜೂನ್ 28ರಂದೇ ಹನ್ನೊಂದು ಜನರನ್ನು ಸೇರಿಸಿಕೊಂಡು 'ಅಸೆನ್ಷನ್' ಮುದ್ರಿಸಿದರು. ನಲವತ್ತು ನಿಮಿಷ; ಸರದಿಯ ಪ್ರಕಾರ ಒಬ್ಬೊಬ್ಬರ ಮನೋಧರ್ಮ, ನಡುನಡುವೆ ಹನ್ನೊಂದು ಮಂದಿಯೂ ಏಕಕಾಲಕ್ಕೆ. ಹಾಡಿಲ್ಲ, ಎಣಿಸಿ ಹಿಡಿಯುವ ತಾಳವೂ ಇಲ್ಲವೆಂಬಷ್ಟು ಸಡಿಲ. ಬಳಿಕ ಫೆರೋ ಸ್ಯಾಂಡರ್ಸ್ ಎಂಬ ಯುವ ಸ್ಯಾಕ್ಸೊಫೋನ್ ವಾದಕರೂ ರಶೀದ್ ಅಲಿ ಎಂಬ ಎರಡನೆಯ ಡ್ರಮ್ಸ್ ವಾದಕರೂ ತಂಡ ಸೇರಿದರು.

ಈ ಸಲ ಭಿನ್ನಾಭಿಪ್ರಾಯ ವೇದಿಕೆಯ ಮೇಲೇ ಬಂತು. 1965ರ ಕೊನೆಗೆ ಮೆಕಾಯ್ ಟೈನರ್ ತಂಡ ಬಿಟ್ಟರು; ಅಷ್ಟು ಗದ್ದಲದಲ್ಲಿ ತಾನು ನುಡಿಸುವ ಪಿಯಾನೊ ತನಗೇ ಕೇಳಿಸುತ್ತಿರಲಿಲ್ಲ ಎಂಬುದು ಅವರ ಕಾರಣ. ಕೆಲವು ತಿಂಗಳಲ್ಲಿ ಎಲ್ವಿನ್ ಜೋನ್ಸ್ ಕೂಡ ಹೊರಟರು. ಐದು ವರ್ಷ ಹೆಗಲಿಗೆ ಹೆಗಲು ಕೊಟ್ಟವರು, ಆ ಸಂಗೀತವನ್ನು ಒಳಗಿನಿಂದ ಬಲ್ಲವರು ಅವರು. ಪಿಯಾನೊಗೆ ಪತ್ನಿ ಆಲಿಸ್ ಬಂದರು.

ಇನ್ನೊಬ್ಬ ಕೇಳುಗರ ಮಾತು ನಮಗೆ ಮುಖ್ಯ. ಕೋಲ್ಟ್ರೇನ್ ವರ್ಷಗಳಿಂದ ನಮ್ಮ ಸಂಗೀತವನ್ನು ಕೇಳುತ್ತ, ಗೀತೆಯನ್ನು ಓದುತ್ತ ಬಂದಿದ್ದರು. ಸಿತಾರ್ ವಾದಕ ರವಿಶಂಕರ್ ಅವರನ್ನು ಭೇಟಿಯಾಗಿ ರಾಗ, ತಾಳಗಳ ಬಗ್ಗೆ ಕೇಳಿ ತಿಳಿದುಕೊಂಡರು. 1965ರ ಆಗಸ್ಟ್‌ನಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟರು. ರವಿಶಂಕರ್ ಅವರಿಗೆ ಕೋಲ್ಟ್ರೇನ್ ಅವರ ವಿನಯ ಬಹಳ ಹಿಡಿಸಿತು. ಸಂಗೀತ ಕೇಳಿದಾಗ ಮಾತ್ರ ಅವರು ಕಳವಳಗೊಂಡರು. ಸಸ್ಯಾಹಾರ, ಯೋಗ, ಅಧ್ಯಾತ್ಮ ಎಂದು ಇಷ್ಟು ಶಾಂತವಾಗಿರುವ ಮನುಷ್ಯನ ವಾದನದಲ್ಲಿ ಇಷ್ಟೊಂದು ತುಮುಲ ಏಕೆ ಎಂಬುದು ಅವರಿಗೆ ಬಿಡಿಸಲಾಗದ ಒಗಟಾಯಿತು. ರವಿಶಂಕರ್‌ಗೆ ಸಂಗೀತವೆಂದರೆ ಮನಸ್ಸನ್ನು ನೆಲೆಗೆ ತರುವ ದಾರಿ. ಕೋಲ್ಟ್ರೇನ್‌ಗೆ ಅದು ದೇವರನ್ನು ಮೊರೆಯಿಡುವ ದಾರಿ. ಮೊರೆ ಯಾವಾಗಲೂ ಶ್ರುತಿಯಲ್ಲೇ ಇರಬೇಕೆಂದಿಲ್ಲ. ನಮ್ಮ ಭಜನೆಗಳಲ್ಲಿ ಕಣ್ಣು ಮುಚ್ಚಿ ಕುಳಿತವರೂ ಇರುತ್ತಾರೆ, ಎದ್ದು ಕುಣಿಯುವವರೂ ಇರುತ್ತಾರೆ.

ಕೊನೆಯ ದಿನಗಳು

1966ರ ಜುಲೈನಲ್ಲಿ ಜಪಾನ್ ಪ್ರವಾಸ. ನಾಗಸಾಕಿಯಲ್ಲಿ ಅಣುಬಾಂಬಿಗೆ ಬಲಿಯಾದವರ ಸ್ಮಾರಕದ ಎದುರು ನಿಂತು ಪ್ರಾರ್ಥಿಸಿದರು. ಟೋಕಿಯೋದಲ್ಲಿ 'ಮೈ ಫೇವರಿಟ್ ಥಿಂಗ್ಸ್' ನುಡಿಸಿದಾಗ ಹದಿಮೂರು ನಿಮಿಷದ ಆ ಹಾಡು ಸುಮಾರು ಒಂದು ಗಂಟೆಯಾಗಿತ್ತು. 1967ರ ಫೆಬ್ರವರಿಯಲ್ಲಿ ರಶೀದ್ ಅಲಿಯವರ ಡ್ರಮ್ಸ್ ಒಂದನ್ನೇ ಜೊತೆಗಿಟ್ಟುಕೊಂಡು ಮುದ್ರಿಸಿದ 'ಇಂಟರ್‌ಸ್ಟೆಲ್ಲರ್ ಸ್ಪೇಸ್' 1974ರಲ್ಲಿ ಹೊರಬಂತು. ಏಪ್ರಿಲ್ 23ರಂದು ಹಾರ್ಲೆಮ್‌ನ ಓಲಾಟುಂಜಿ ಕೇಂದ್ರದಲ್ಲಿ ನುಡಿಸಿದರು. ದೇಹದಲ್ಲಿ ಆಗಲೇ ಯಕೃತ್ತಿನ ಕ್ಯಾನ್ಸರ್ ಇತ್ತು. 1967ರ ಜುಲೈ 17ರಂದು ಲಾಂಗ್ ಐಲೆಂಡಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ನುಡಿಸಿದವರು ಆಲ್ಬರ್ಟ್ ಐಲರ್ ಮತ್ತು ಆರ್ನೆಟ್ ಕೋಲ್ಮನ್, ಕೋಲ್ಟ್ರೇನ್‌ಗಿಂತಲೂ ಹೆಚ್ಚು ಬೈಸಿಕೊಂಡ ಇಬ್ಬರು.

ಸಾವಿನಿಂದಲೂ ಜಗಳ ಮುಗಿಯಲಿಲ್ಲ. ಇಂಗ್ಲೆಂಡಿನ ಕವಿ, 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ಜಾಝ್ ವಿಮರ್ಶಕ ಫಿಲಿಪ್ ಲಾರ್ಕಿನ್ ಕೊನೆಯವರೆಗೂ ಕೋಲ್ಟ್ರೇನ್ ಅವರನ್ನು ಒಪ್ಪಲಿಲ್ಲ. ಸಂತೋಷ ಕೊಡುತ್ತಿದ್ದ ಸಂಗೀತವನ್ನು ಇವರು ಹಾಳುಮಾಡಿದರು ಎಂಬುದೇ ಅವರ ವಾದ. ಇತ್ತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೋಲ್ಟ್ರೇನ್ ಅವರನ್ನು ಸಂತರೆಂದು ನಂಬಿದ ಒಂದು ಚರ್ಚ್ ಹುಟ್ಟಿತು. ಅಲ್ಲಿ 'ಎ ಲವ್ ಸುಪ್ರೀಮ್' ಆರಾಧನೆಯ ಭಾಗ. 2007ರಲ್ಲಿ ಮರಣೋತ್ತರವಾಗಿ ವಿಶೇಷ ಪುಲಿಟ್ಜರ್ ಗೌರವ ಬಂತು. ಮಗ ರವಿ ಕೋಲ್ಟ್ರೇನ್ ಇಂದು ಹೆಸರಾದ ಸ್ಯಾಕ್ಸೊಫೋನ್ ವಾದಕ.

ಆರು ದಶಕ ಕಳೆದ ಮೇಲೆ ಲೆಕ್ಕ ನೋಡಿದರೆ, ಕಾಲ ಕೆಲವು ಆಕ್ಷೇಪಗಳನ್ನು ತಳ್ಳಿಹಾಕಿದೆ, ಕೆಲವನ್ನು ಉಳಿಸಿದೆ. 1961ರ ವಾದನವನ್ನು ಇಂದು ಯಾರೂ ಜಾಝ್ ಅಲ್ಲ ಎನ್ನುವುದಿಲ್ಲ. ಸಂಗೀತ ಶಾಲೆಗಳಲ್ಲಿ ಅದೇ ಪಾಠ. 1966ರ ಕಛೇರಿಗಳ ಬಗ್ಗೆ ಮಾತ್ರ ಕೋಲ್ಟ್ರೇನ್ ಭಕ್ತರಲ್ಲೇ ಇವತ್ತಿಗೂ ಒಮ್ಮತವಿಲ್ಲ. ಒಮ್ಮತ ಬರಬೇಕೆಂದೇನೂ ಇಲ್ಲ. ಮನೋಧರ್ಮ ಎಂದರೆ ವಾದಕ ಎಲ್ಲರ ಎದುರಿಗೆ, ಮೊದಲೇ ಗೊತ್ತಿಲ್ಲದ ಕಡೆಗೆ ಹೆಜ್ಜೆ ಇಡುವುದು. ಕೇಳುಗ ಎಷ್ಟು ದೂರ ಜೊತೆ ಬರಬೇಕೆಂಬುದು ಕೇಳುಗನ ಇಷ್ಟ. ಕೋಲ್ಟ್ರೇನ್ ಯಾರನ್ನೂ ಎಳೆದುಕೊಂಡು ಹೋಗಲಿಲ್ಲ, ಹಿಂದೆ ಉಳಿದವರನ್ನು ಬೈಯಲಿಲ್ಲ, ಅವರಿಗಾಗಿ ತಾನು ನಿಲ್ಲಲೂ ಇಲ್ಲ.

ಹೊಸದಾಗಿ ಕೇಳಬೇಕೆನ್ನುವ ಸದಸ್ಯರಿಗೆ ಒಂದು ಸಲಹೆ. ಮೊದಲು 'ಬ್ಯಾಲಡ್ಸ್', ಬಳಿಕ 'ಮೈ ಫೇವರಿಟ್ ಥಿಂಗ್ಸ್', ಬಳಿಕ 'ಅಲಬಾಮಾ', ಬಳಿಕ ಒಂದೇ ಕೂತಲ್ಲಿ 'ಎ ಲವ್ ಸುಪ್ರೀಮ್'. ಇವು ಹಿಡಿಸಿದರೆ 'ಇಂಡಿಯಾ' ಮತ್ತು 'ಚೇಸಿನ್ ದ ಟ್ರೇನ್'. 'ಅಸೆನ್ಷನ್' ಕೊನೆಗೆ ಇರಲಿ. ಎಲ್ಲಿ ಸಾಕು ಅನ್ನಿಸುತ್ತದೋ ಅಲ್ಲಿ ನಿಲ್ಲಿಸಿ, ಆರು ತಿಂಗಳು ಬಿಟ್ಟು ಅಲ್ಲಿಂದಲೇ ಮತ್ತೆ ಕೇಳಿ ನೋಡಿ.